ಸರ್ಕಾರಿ ಪ್ರವಾಸದಲ್ಲಿ ಕೈಯಿಂದ ಖರ್ಚಾದ ಹಣ ವಾಪಸ್ ಪಡೆಯುವುದು ಹೇಗೆ?

ಊಟದ ಬಿಲ್ ಲಗತ್ತಿಸಬೇಕೇ? ಆಟೊ ಚಾಲಕ ರಸೀದಿ ಕೊಡದಿದ್ದರೆ ಏನು ಮಾಡಬೇಕು? ನೆಂಟರ ಮನೆಯಲ್ಲಿ ಉಳಿದುಕೊಂಡರೆ ರೂಮಿನ ಹಣ ಕೇಳಬಹುದೇ? ಕೇಂದ್ರ ಸರ್ಕಾರಿ ನೌಕರರು, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಸೇರಿದವರು, ಇವೇ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಿಡಿಬಿಡಿಯಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆಯುವುದು ಮೇಲು ಅನ್ನಿಸಿತು.

ಮೊದಲೇ ಒಂದು ಮಾತು. ಇಲ್ಲಿರುವುದು ಕೇಂದ್ರ ಸರ್ಕಾರದ ಸಿವಿಲ್ ನೌಕರರ ನಿಯಮ. ಕರ್ನಾಟಕ ಸರ್ಕಾರದ ನೌಕರರಿಗೆ ರಾಜ್ಯದ್ದೇ ಪ್ರಯಾಣ ಭತ್ಯೆ ನಿಯಮಗಳು ಮತ್ತು ದರಗಳಿವೆ. ಕೆಳಗಿನ ಅಂಕಿಗಳನ್ನು ಅವರು ತಮ್ಮ ಬಿಲ್ಲಿಗೆ ಹಾಕಿಕೊಳ್ಳಬಾರದು. ಎಚ್‌ಎಎಲ್, ಬಿಎಸ್‌ಎನ್‌ಎಲ್‌ನಂಥ ಸಾರ್ವಜನಿಕ ಉದ್ದಿಮೆಗಳಿಗೂ ಅವುಗಳದೇ ನಿಯಮಗಳಿವೆ.

ಈಗಿನ ವ್ಯವಸ್ಥೆಗೆ ಆಧಾರ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ 2017ರ ಜುಲೈ 13ರಂದು ಹೊರಡಿಸಿದ ಆದೇಶ. ಏಳನೇ ವೇತನ ಆಯೋಗದ ಶಿಫಾರಸಿನ ನಂತರ ಬಂದದ್ದು ಇದು. ಈ ಆದೇಶದ ಪ್ರಕಾರ ಪ್ರವಾಸದಲ್ಲಿ ನೀವು ಖರ್ಚು ಮಾಡುವ ಹಣ ಮೂರು ಬಗೆಯದು. ಒಂದು, ದಾಖಲೆ ತೋರಿಸಿ ಪಡೆಯುವುದು: ರೈಲು, ವಿಮಾನದ ಟಿಕೆಟ್ ಇದರಲ್ಲಿ ಬರುತ್ತವೆ. ಎರಡು, ಒಂದು ಮಿತಿಯವರೆಗೆ ನಿಮ್ಮ ಸ್ವಯಂ ದೃಢೀಕರಣದ ಮೇಲೆ, ಅಂದರೆ ನೀವೇ ಸಹಿ ಹಾಕಿ ಕೊಡುವ ಹೇಳಿಕೆಯ ಮೇಲೆ ಸಿಗುವುದು. ಮೂರು, ಯಾವ ಲೆಕ್ಕವನ್ನೂ ಕೇಳದೆ ಕೊಡುವ ಇಡಿಗಂಟು. ಊಟದ ಹಣ ಈ ಮೂರನೆಯ ಬಗೆಗೆ ಸೇರುತ್ತದೆ. ಆಕ್ಷೇಪಣೆ ಬರೆಸಿಕೊಂಡು ವಾಪಸಾಗುವ ಬಿಲ್‌ಗಳಲ್ಲಿ ಹೆಚ್ಚಿನವು ಈ ಮೂರನ್ನೂ ಒಂದಕ್ಕೊಂದು ಬೆರೆಸಿದಂಥವು. ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಕಚೇರಿಯಲ್ಲಿ ಕಿವಿಗೆ ಬೀಳುವ ಕೆಲವು ಪದಗಳು: ಕೇಂದ್ರಸ್ಥಾನ ಎಂದರೆ ನೀವು ಕೆಲಸ ಮಾಡುವ ಕಚೇರಿ ಇರುವ ಊರು. ನಿಯಂತ್ರಣಾಧಿಕಾರಿ ಎಂದರೆ ನಿಮ್ಮ ಪ್ರವಾಸದ ಬಿಲ್ಲಿಗೆ ಮೇಲುಸಹಿ ಹಾಕುವ ಅಧಿಕಾರಿ. ಬಟವಾಡೆ ಅಧಿಕಾರಿ, ಅಂದರೆ ಡಿಡಿಒ, ಆ ಬಿಲ್ಲನ್ನು ಪಾವತಿಗೆ ಕಳುಹಿಸುವವರು. ಡಿಎ ಎಂಬ ಎರಡಕ್ಷರ ಮಾತ್ರ ತುಟ್ಟಿಭತ್ಯೆಗೂ ಪ್ರವಾಸದ ದಿನಭತ್ಯೆಗೂ, ಅಂದರೆ ಹೋದ ಊರಿನ ರೂಮು, ಓಡಾಟ, ಊಟಕ್ಕೆ ದಿನದ ಲೆಕ್ಕದಲ್ಲಿ ಸಿಗುವ ಹಣಕ್ಕೂ, ಬಳಕೆಯಲ್ಲಿದೆ. ಈ ಲೇಖನದಲ್ಲಿ ಎರಡನ್ನೂ ಪೂರ್ಣ ಹೆಸರಿನಿಂದಲೇ ಕರೆಯುತ್ತೇನೆ.

1. ಹೊರಡುವ ಮೊದಲು ಆದೇಶ ಕೈಯಲ್ಲಿರಲಿ

ಪ್ರವಾಸದ ಅನುಮತಿ ಲಿಖಿತವಾಗಿರಬೇಕು. ಅದರಲ್ಲಿ ಹೋಗುವ ಸ್ಥಳ, ದಿನಾಂಕಗಳು, ಉದ್ದೇಶ, ಯಾವುದರಲ್ಲಿ ಪ್ರಯಾಣ ಎಂಬ ನಾಲ್ಕು ಅಂಶ ಸ್ಪಷ್ಟವಾಗಿರಲಿ. ಸಾಹೇಬರು ಫೋನಿನಲ್ಲಿ ಹೇಳಿದರೆಂದು ಹೊರಟಿದ್ದರೆ, ಅಲ್ಲಿಂದಲೇ ಇಮೇಲ್ ಕಳುಹಿಸಿ ಒಪ್ಪಿಗೆ ಪಡೆಯಿರಿ. ಕೆಲಸ ಒಂದು ದಿನ ಹೆಚ್ಚಾದರೆ ಅದಕ್ಕೂ ಇದೇ ಕ್ರಮ. ವಾಪಸ್ ಬಂದ ಮೇಲೆ ಹಿಂದಿನ ದಿನಾಂಕ ಹಾಕಿ ಆದೇಶ ಮಾಡಿಸುವ ಅಭ್ಯಾಸ ಎಲ್ಲ ಕಡೆ ಇದೆ. ಲೆಕ್ಕಪರಿಶೋಧಕರಿಗೆ ಸುಲಭವಾಗಿ ಸಿಕ್ಕಿಬೀಳುವುದೂ ಅದೇ.

ನೀವು ಕೆಲಸ ಮಾಡುವ ಸ್ಥಳದಿಂದ 8 ಕಿಲೋಮೀಟರ್ ದೂರದೊಳಗೆ ಓಡಾಡಿದರೆ ದಿನಭತ್ಯೆ ಇಲ್ಲ. ಒಂದೇ ನಗರದ ಇನ್ನೊಂದು ಕಚೇರಿಗೆ ಸಭೆಗೆ ಹೋಗಿ ಬಂದವರು ಇದನ್ನು ಗಮನಿಸಬೇಕು.

2. ಮುಂಗಡ ಬೇಕಿದ್ದರೆ ಕೇಳಿ, ಲೆಕ್ಕವನ್ನು ಬೇಗ ಒಪ್ಪಿಸಿ

ದೂರದ ಪ್ರವಾಸಕ್ಕೆ ಮುಂಗಡ ಪಡೆಯಬಹುದು. ವಾಪಸ್ ಬಂದು 15 ದಿನಗಳೊಳಗೆ ಹೊಂದಾಣಿಕೆ ಬಿಲ್, ಅಂದರೆ ಪಡೆದ ಮುಂಗಡಕ್ಕೆ ಖರ್ಚಿನ ಲೆಕ್ಕ, ಸಲ್ಲಿಸಬೇಕು. ಹಳೆಯ ಮುಂಗಡದ ಲೆಕ್ಕ ಬಾಕಿ ಇದ್ದರೆ ಹೊಸದು ಸಿಗುವುದಿಲ್ಲ. ಪ್ರವಾಸ ರದ್ದಾದರೆ ಹಣವನ್ನು ತಕ್ಷಣ ಹಿಂದಿರುಗಿಸಿ. ಮುಂದಿನ ತಿಂಗಳು ಹೇಗೂ ಹೋಗುವುದಿದೆಯಲ್ಲ ಎಂದು ಇಟ್ಟುಕೊಂಡರೆ ಬಡ್ಡಿ ಸಮೇತ ವಸೂಲಿ ಆದೀತು.

3. ಟಿಕೆಟ್: ಯಾವ ದರ್ಜೆ, ಎಲ್ಲಿಂದ

ದರ್ಜೆ ನಿಮ್ಮ ವೇತನದ ಲೆವೆಲ್ ಮೇಲೆ ನಿಂತಿದೆ. ವೇತನ ಚೀಟಿಯಲ್ಲಿ ನಿಮ್ಮ ಲೆವೆಲ್ ನಮೂದಾಗಿರುತ್ತದೆ.

ಲೆವೆಲ್ 14 ಮತ್ತು ಮೇಲೆ: ವಿಮಾನದ ಬಿಸಿನೆಸ್ ದರ್ಜೆ ಅಥವಾ ರೈಲಿನ ಎಸಿ ಪ್ರಥಮ ದರ್ಜೆ.
ಲೆವೆಲ್ 12, 13: ವಿಮಾನದ ಎಕಾನಮಿ ದರ್ಜೆ ಅಥವಾ ಎಸಿ ಪ್ರಥಮ ದರ್ಜೆ.
ಲೆವೆಲ್ 6ರಿಂದ 11: ವಿಮಾನದ ಎಕಾನಮಿ ದರ್ಜೆ ಅಥವಾ ಎಸಿ ಎರಡು ಟಯರ್.
ಲೆವೆಲ್ 5 ಮತ್ತು ಕೆಳಗೆ: ಪ್ರಥಮ ದರ್ಜೆ, ಎಸಿ ಮೂರು ಟಯರ್ ಅಥವಾ ಎಸಿ ಚೇರ್ ಕಾರ್.

ಲೆವೆಲ್ 6ರಿಂದ 8ರವರು ಕಚೇರಿ ಪ್ರವಾಸಕ್ಕೆ ವಿಮಾನದಲ್ಲಿ ಹೋಗಬಹುದು, ಆದರೆ ಎಲ್‌ಟಿಸಿಗೆ, ಅಂದರೆ ರಜೆ ಪ್ರಯಾಣ ರಿಯಾಯಿತಿಗೆ, ಇದೇ ಸವಲತ್ತು ಅವರಿಗಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಟಿಕೆಟ್ ತೆಗೆಸಿದವರು ಕೈಯಿಂದ ಹಣ ಕಳೆದುಕೊಳ್ಳುತ್ತಾರೆ.

ವಿಮಾನದ ಟಿಕೆಟ್ ವಿಚಾರದಲ್ಲಿ ನಿಯಮ ಬಿಗಿ. ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್ ಅಂಡ್ ಟೂರ್ಸ್, ಐಆರ್‌ಸಿಟಿಸಿ ಎಂಬ ಮೂರು ಸಂಸ್ಥೆಗಳ ಮೂಲಕವೇ ಟಿಕೆಟ್ ತೆಗೆಸಬೇಕು. ಬೇರೆ ಜಾಲತಾಣದಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಕ್ಕಿತೆಂಬುದು ಸಮರ್ಥನೆ ಆಗುವುದಿಲ್ಲ. ಮೇಲಿನ ಹಂತದಿಂದ ಸಡಿಲಿಕೆ ಪಡೆಯದೆ ಆ ಹಣ ಬರುವುದಿಲ್ಲ. ಸರ್ಕಾರದ ಹಣ ಉಳಿಸಿದವನೇ ದಂಡ ತೆರುವಂತಾಗುವುದು ವಿಚಿತ್ರವೇ, ಆದರೆ ಈ ವಾದದಿಂದ ಯಾರ ಬಿಲ್ಲೂ ಪಾಸಾದದ್ದಿಲ್ಲ. 2022ರ ಜೂನ್ ತಿಂಗಳ ಆದೇಶದಂತೆ ಸಾಧ್ಯವಾದಷ್ಟೂ 21 ದಿನ ಮೊದಲೇ ಕಾಯ್ದಿರಿಸಬೇಕು ಮತ್ತು ನಿಮಗೆ ಬೇಕಾದ ಮೂರು ಗಂಟೆಯ ಅವಧಿಯಲ್ಲಿ ಲಭ್ಯವಿರುವ ಅತಿ ಕಡಿಮೆ ದರದ ವಿಮಾನವನ್ನು ಆರಿಸಬೇಕು. ಪ್ರಯಾಣಕ್ಕೆ 72 ಗಂಟೆಗಿಂತ ಕಡಿಮೆ ಇರುವಾಗ ಟಿಕೆಟ್ ತೆಗೆಸಿದರೂ, 24 ಗಂಟೆಗಿಂತ ಕಡಿಮೆ ಇರುವಾಗ ರದ್ದು ಮಾಡಿದರೂ ಕಾರಣವನ್ನು ನೀವೇ ಬರೆದು ಕೊಡಬೇಕು. ಟಿಕೆಟ್ ತೆಗೆಸುವ ದಿನವೇ ಆ ಅವಧಿಯ ದರಪಟ್ಟಿಯ ಪರದೆಚಿತ್ರ ತೆಗೆದಿಟ್ಟುಕೊಳ್ಳಿ. ಎರಡು ತಿಂಗಳ ನಂತರ ಆಕ್ಷೇಪಣೆ ಬಂದಾಗ ಆವತ್ತಿನ ದರ ಎಲ್ಲಿಯೂ ಸಿಗುವುದಿಲ್ಲ.

ರೈಲಿನಲ್ಲಿ ತತ್ಕಾಲ್ ಶುಲ್ಕ, ಪ್ರೀಮಿಯಂ ತತ್ಕಾಲ್, ರಾಜಧಾನಿ ಮತ್ತು ಶತಾಬ್ದಿ ರೈಲುಗಳ ಏರಿಳಿಯುವ ದರ ಎಲ್ಲವೂ ಪ್ರವಾಸಕ್ಕೆ ಸಿಗುತ್ತವೆ. ರೈಲು ಸಂಪರ್ಕ ಇರುವ ಊರಿಗೆ ಬಸ್ಸಿನಲ್ಲಿ ಹೋದರೆ ನಿಮ್ಮ ದರ್ಜೆಯ ರೈಲು ದರದವರೆಗೆ ಮಾತ್ರ. ಅರ್ಹತೆಗಿಂತ ಮೇಲಿನ ದರ್ಜೆಯಲ್ಲಿ ಹೋದರೆ ವ್ಯತ್ಯಾಸ ನಿಮ್ಮದೇ.

4. ಹೋದ ಊರಿನಲ್ಲಿ: ರೂಮು ಮತ್ತು ಓಡಾಟ

2017ರ ಮೂಲ ದರಗಳು ದಿನಕ್ಕೆ ಹೀಗಿವೆ.

ಲೆವೆಲ್ 14 ಮತ್ತು ಮೇಲೆ: ಹೋಟೆಲ್ ₹7,500ರವರೆಗೆ, ನಗರದೊಳಗೆ ಎಸಿ ಟ್ಯಾಕ್ಸಿಯ ನಿಜವಾದ ಖರ್ಚು, ಊಟಕ್ಕೆ ₹1,200.
ಲೆವೆಲ್ 12, 13: ಹೋಟೆಲ್ ₹4,500, ಎಸಿ ಟ್ಯಾಕ್ಸಿ 50 ಕಿಲೋಮೀಟರ್‌ವರೆಗೆ, ಊಟಕ್ಕೆ ₹1,000.
ಲೆವೆಲ್ 9ರಿಂದ 11: ಹೋಟೆಲ್ ₹2,250, ಟ್ಯಾಕ್ಸಿ ₹338, ಊಟಕ್ಕೆ ₹900.
ಲೆವೆಲ್ 6ರಿಂದ 8: ಹೋಟೆಲ್ ₹750, ಟ್ಯಾಕ್ಸಿ ₹225, ಊಟಕ್ಕೆ ₹800.
ಲೆವೆಲ್ 5 ಮತ್ತು ಕೆಳಗೆ: ಹೋಟೆಲ್ ₹450, ಟ್ಯಾಕ್ಸಿ ₹113, ಊಟಕ್ಕೆ ₹500.

ಈ ಅಂಕಿಗಳಲ್ಲೇ ನಿಲ್ಲಬೇಡಿ. ತುಟ್ಟಿಭತ್ಯೆ ಶೇ 50 ಏರಿದಾಗಲೆಲ್ಲ ಈ ಮಿತಿಗಳು ಶೇ 25 ಏರಬೇಕೆಂದು ಅದೇ ಆದೇಶ ಹೇಳುತ್ತದೆ. 2024ರ ಜನವರಿ 1ರಿಂದ ತುಟ್ಟಿಭತ್ಯೆ ಶೇ 50 ತಲುಪಿತು. ಹಾಗಾಗಿ ಆನಂತರದ ಪ್ರವಾಸಗಳಿಗೆ ಮೇಲಿನ ಮೊತ್ತಗಳಿಗೆ ಕಾಲು ಭಾಗ ಸೇರಿಸಿಕೊಳ್ಳಿ: ಊಟದ ₹800 ಈಗ ₹1,000, ₹500 ಈಗ ₹625. ಹಳೆಯ ನಮೂನೆಯ ಫೈಲನ್ನೇ ನಕಲು ಮಾಡಿ ಬಿಲ್ ತಯಾರಿಸುವ ಕಚೇರಿಗಳಲ್ಲಿ ಈಗಲೂ ಹಳೆಯ ದರವೇ ಉಳಿದಿರುವುದುಂಟು. ಕಡಿಮೆ ಕೇಳಿದ್ದೀರಿ ಎಂದು ಯಾರೂ ಆಕ್ಷೇಪಣೆ ಬರೆಯುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ರೂಮಿನ ಬಾಡಿಗೆಗೆ ಲೆವೆಲ್ 8ರವರೆಗಿನವರು ಮಿತಿಯೊಳಗೆ ರಸೀದಿಯಿಲ್ಲದೆ ಸ್ವಯಂ ದೃಢೀಕರಣದ ಮೇಲೆ ಹಣ ಪಡೆಯಬಹುದು. ಉಳಿದುಕೊಂಡ ಅವಧಿ ಮತ್ತು ವಸತಿಯ ಹೆಸರನ್ನು ಅದರಲ್ಲಿ ಬರೆಯಬೇಕು. ಎಕ್ಸ್ ದರ್ಜೆಯ ನಗರಗಳಿಗೆ, ಅಂದರೆ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈ, ಪುಣೆ, ದೆಹಲಿ, ಕೋಲ್ಕತ್ತಾ, ಅಹಮದಾಬಾದ್‌ಗಳಿಗೆ ಹೋದಾಗ ಲೆವೆಲ್ 8ರವರೆಗಿನ ಎಲ್ಲರಿಗೂ ಮಿತಿ ₹1,000. ಶೇ 25 ಸೇರಿದರೆ ₹1,250. ಆದರೆ ಇದು ರಸೀದಿ ಇದ್ದರೆ ಮಾತ್ರ. ಲೆವೆಲ್ 5ರ ನೌಕರರಿಗೆ ಇದು ದೊಡ್ಡ ವ್ಯತ್ಯಾಸ: ರಸೀದಿ ಇಲ್ಲದಿದ್ದರೆ ₹450ಕ್ಕೆ ಕಾಲು ಭಾಗ ಸೇರಿಸಿದಷ್ಟು, ಇದ್ದರೆ ಅದರ ಎರಡು ಪಟ್ಟಿಗೂ ಹೆಚ್ಚು. ಬೆಂಗಳೂರಿನಲ್ಲಿ ಇಳಿದುಕೊಂಡಾಗ ಲಾಡ್ಜಿನವರು ಚೀಟಿಯ ಮೇಲೆ ಗೀಚಿ ಕೊಟ್ಟದ್ದನ್ನು ತರಬೇಡಿ. ನಿಮ್ಮ ಹೆಸರು, ಒಳಬಂದ ಮತ್ತು ತೆರವು ಮಾಡಿದ ದಿನಾಂಕ, ವೇಳೆ, ದಿನದ ಬಾಡಿಗೆ ಇರುವ ಬಿಲ್ ಕೇಳಿ ಪಡೆಯಿರಿ. ಕೆಲವು ಲಾಡ್ಜ್‌ಗಳು 24 ಗಂಟೆಯ ಲೆಕ್ಕ ಇಡುತ್ತವೆ, ಕೆಲವು ಮಧ್ಯಾಹ್ನ ಹನ್ನೆರಡರ ಲೆಕ್ಕ. ಬೆಳಗ್ಗೆ ಆರಕ್ಕೇ ರೈಲಿಳಿದು ರೂಮು ಹಿಡಿದರೆ ಎರಡನೆಯ ಬಗೆಯಲ್ಲಿ ಒಂದು ದಿನ ಹೆಚ್ಚು ಬೀಳುತ್ತದೆ. ವೇಳೆ ನಮೂದಾಗದಿದ್ದರೆ, ಎರಡು ರಾತ್ರಿಗೆ ಮೂರು ದಿನದ ಬಾಡಿಗೆ ಏಕೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ಇಬ್ಬರು ಸಹೋದ್ಯೋಗಿಗಳು ಒಂದೇ ರೂಮಿನಲ್ಲಿದ್ದರೆ ಪಾಲು ಮಾಡಿ ಎರಡು ಬಿಲ್ ಮಾಡಿಸಿಕೊಳ್ಳಿ. ಒಂದೇ ಬಿಲ್ಲಿನ ಎರಡು ಪ್ರತಿಗಳು ಎರಡು ಕಚೇರಿಗಳಲ್ಲಿ ಸಲ್ಲಿಕೆಯಾದ ಪ್ರಕರಣಗಳು ಜಾಗೃತ ದಳದವರೆಗೂ ಹೋಗುತ್ತವೆ.

ನಗರದೊಳಗಿನ ಓಡಾಟಕ್ಕೂ ಲೆವೆಲ್ 8ರವರೆಗೆ ಸ್ವಯಂ ದೃಢೀಕರಣ ಸಾಕು. ಪ್ರಯಾಣದ ಅವಧಿ, ವಾಹನದ ಸಂಖ್ಯೆ ಬರೆಯಬೇಕು. ಆಟೊ ಹತ್ತುವಾಗಲೇ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುವುದು ಅರ್ಧ ನಿಮಿಷದ ಕೆಲಸ. ಬಾಯಿಗೆ ಬಂದ ಸಂಖ್ಯೆ ಬರೆದು, ಅದು ಯಾವುದೋ ಸ್ಕೂಟರಿನ ನೋಂದಣಿ ಎಂದು ಪತ್ತೆಯಾದರೆ ಮುನ್ನೂರು ರೂಪಾಯಿಗಾಗಿ ನೌಕರಿಯನ್ನೇ ಪಣಕ್ಕಿಟ್ಟಂತೆ. ಸ್ವಯಂ ದೃಢೀಕರಣ ಎಂದರೆ ಯಾರೂ ನೋಡುವುದಿಲ್ಲ ಎಂದಲ್ಲ. ಸುಳ್ಳು ಬಿಲ್ 1964ರ ನಡತೆ ನಿಯಮಗಳ ಪ್ರಕಾರ ದುರ್ನಡತೆ; ಮೊತ್ತ ಚಿಕ್ಕದೆಂಬ ಕಾರಣಕ್ಕೆ ಅದು ಮನ್ನಾ ಆಗುವುದಿಲ್ಲ.

ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಲಾಡ್ಜಿಗೆ ಹೋದ ಖರ್ಚು ಈ ನಗರದೊಳಗಿನ ಓಡಾಟಕ್ಕೆ ಸೇರುವುದಿಲ್ಲ. ಅದು ಮೈಲೇಜು, ಅಂದರೆ ಕಿಲೋಮೀಟರ್ ಲೆಕ್ಕದ ರಸ್ತೆ ಭತ್ಯೆ. ದರ ನಿಗದಿಯಾಗಿರದ ಕಡೆ 2017ರ ಮೂಲ ದರ ಟ್ಯಾಕ್ಸಿ ಅಥವಾ ಸ್ವಂತ ಕಾರಿಗೆ ಕಿಲೋಮೀಟರ್‌ಗೆ ₹24, ಆಟೊ ಅಥವಾ ಸ್ವಂತ ಸ್ಕೂಟರಿಗೆ ₹12. ಇವಕ್ಕೂ ಶೇ 25ರ ಏರಿಕೆ ಇದೆ. ಇದನ್ನು ಬೇರೆ ಸಾಲಿನಲ್ಲಿ ಬರೆಯಿರಿ.

5. ಊಟದ ಇಡಿಗಂಟು: ಲೆಕ್ಕ ತಪ್ಪುವುದೇ ಇಲ್ಲಿ

ಊಟಕ್ಕೆ ಬಿಲ್ ಬೇಡ. ಲಗತ್ತಿಸಲೂ ಬೇಡಿ. ಕೇಂದ್ರಸ್ಥಾನದಿಂದ ಎಷ್ಟು ಹೊತ್ತು ಹೊರಗಿದ್ದಿರಿ ಎಂಬುದಷ್ಟೇ ಆಧಾರ: 6 ಗಂಟೆಗಿಂತ ಕಡಿಮೆಯಾದರೆ ಶೇ 30, 6ರಿಂದ 12 ಗಂಟೆಯಾದರೆ ಶೇ 70, 12 ಗಂಟೆ ಮೀರಿದರೆ ಪೂರ್ತಿ. ದಿನದ ಎಣಿಕೆ ನಡುರಾತ್ರಿಯಿಂದ ನಡುರಾತ್ರಿಗೆ.

ಒಂದು ಉದಾಹರಣೆ ನೋಡಿ. ಹುಬ್ಬಳ್ಳಿಯ ಲೆವೆಲ್ 7ರ ನೌಕರರೊಬ್ಬರು ಭಾನುವಾರ ರಾತ್ರಿ 9ಕ್ಕೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಸೋಮವಾರದಿಂದ ಬುಧವಾರದವರೆಗೆ ಕೆಲಸ. ಬುಧವಾರ ರಾತ್ರಿ ಹೊರಟು ಗುರುವಾರ ಬೆಳಗ್ಗೆ 7ಕ್ಕೆ ಹುಬ್ಬಳ್ಳಿ ತಲುಪುತ್ತಾರೆ.

ಭಾನುವಾರ 3 ಗಂಟೆ: ₹1,000ದ ಶೇ 30, ಅಂದರೆ ₹300.
ಸೋಮ, ಮಂಗಳ, ಬುಧ: ತಲಾ ₹1,000, ಒಟ್ಟು ₹3,000.
ಗುರುವಾರ 7 ಗಂಟೆ: ಶೇ 70, ಅಂದರೆ ₹700.
ಒಟ್ಟು ₹4,000.

ಹೊರಗಿದ್ದ 82 ಗಂಟೆಯನ್ನು 24ರಿಂದ ಭಾಗಿಸಿ ಮೂರೂವರೆ ದಿನ ಎಂದು ಬರೆಯುವುದು ತಪ್ಪು. ಐದು ದಿನ ಎಂದು ಪೂರ್ತಿ ₹5,000 ಬರೆಯುವುದೂ ತಪ್ಪು. ಹೊರಟ ಮತ್ತು ತಲುಪಿದ ವೇಳೆಯನ್ನು ಬಿಲ್ಲಿನಲ್ಲಿ ನಮೂದಿಸದೆ ಬರೀ ದಿನಾಂಕ ಬರೆದರೆ ಲೆಕ್ಕಶಾಖೆಯವರು ಮೊದಲ ಮತ್ತು ಕೊನೆಯ ದಿನಕ್ಕೆ ಕತ್ತರಿ ಹಾಕುತ್ತಾರೆ, ಹಾಕಬೇಕಾದದ್ದೂ ಸರಿಯೇ.

ಆರಂಭದ ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಇಲ್ಲಿದೆ. ನೆಂಟರ ಮನೆಯಲ್ಲಿ ಉಳಿದರೆ ರೂಮಿನ ಹಣ ಕೇಳುವಂತಿಲ್ಲ, ಆದರೆ ಊಟದ ಇಡಿಗಂಟು ಹೊರಗಿದ್ದ ಹೊತ್ತಿಗೆ ಸಿಗುವಂಥದ್ದು. ರಸೀದಿ ಬೇಡವಲ್ಲ ಎಂದು ನೆಂಟರ ಮನೆಯನ್ನೇ ಲಾಡ್ಜ್ ಮಾಡಿ ಬರೆಯಬೇಡಿ.

6. ಯಾವುದು ಸ್ವಂತ ಖರ್ಚು?

ಬಟ್ಟೆ ಒಗೆಸಿದ್ದು, ಇಸ್ತ್ರಿ, ಭಕ್ಷೀಸು, ಮೊಬೈಲ್ ರೀಚಾರ್ಜ್, ರೂಮಿಗೆ ತರಿಸಿಕೊಂಡ ತಿಂಡಿ, ಊರಿಗೆ ಒಯ್ದ ಸಿಹಿ ತಿನಿಸು ಎಲ್ಲವೂ ನಿಮ್ಮ ಸ್ವಂತದ್ದು. ಇಡಿಗಂಟಿನಲ್ಲಿ ಉಳಿದರೆ ಅದರಿಂದ ಸರಿದೂಗಿಸಿಕೊಳ್ಳಿ. ಹೇಗೆ ಖರ್ಚು ಮಾಡಿದಿರಿ ಎಂದು ಸರ್ಕಾರ ಕೇಳುವುದಿಲ್ಲ. ತೊಂದರೆ ಬರುವುದು ಹೋಟೆಲ್ ಬಿಲ್ಲಿನಲ್ಲಿ ಇವು ಸೇರಿಕೊಂಡಾಗ. ಬಾಡಿಗೆ, ಊಟ, ಲಾಂಡ್ರಿ ಎಲ್ಲವನ್ನೂ ಒಟ್ಟು ಮಾಡಿದ ಬಿಲ್ ಕೊಟ್ಟರೆ ಬಾಡಿಗೆ ಎಷ್ಟೆಂದು ತಿಳಿಯುವುದಿಲ್ಲ. ತೆರವು ಮಾಡುವಾಗ ಬಾಡಿಗೆಗೆ ಬೇರೆ ಬಿಲ್, ಉಳಿದದ್ದಕ್ಕೆ ಬೇರೆ ಬಿಲ್ ಕೇಳಿ.

ಕುಟುಂಬದವರನ್ನು ಕರೆದೊಯ್ದಿದ್ದರೆ ಅವರ ಟಿಕೆಟ್ ನಿಮ್ಮದು. ರೂಮು ಇಬ್ಬರದ್ದಾದರೆ ಒಬ್ಬರ ಬಾಡಿಗೆಯನ್ನಷ್ಟೇ ಕೇಳಿ. ಪ್ರವಾಸದಲ್ಲಿ ಕಾಯಿಲೆ ಬಿದ್ದರೆ ಔಷಧಿಯ ಖರ್ಚು ವೈದ್ಯಕೀಯ ಮರುಪಾವತಿಯ ದಾರಿ ಹಿಡಿಯಬೇಕು. ಕಚೇರಿ ಕಾಗದಗಳ ಜೆರಾಕ್ಸ್, ಸ್ಪೀಡ್ ಪೋಸ್ಟ್ ಮುಂತಾದವು ಕಚೇರಿಯ ಖರ್ಚೇ ಹೌದು, ಆದರೆ ಅವು ಸಾದಿಲ್ವಾರು ಬಿಲ್ಲಿಗೆ, ಅಂದರೆ ಕಚೇರಿಯ ಚಿಲ್ಲರೆ ಖರ್ಚಿನ ಬಿಲ್ಲಿಗೆ, ಹೋಗಬೇಕು, ಪ್ರವಾಸದ ಬಿಲ್ಲಿಗಲ್ಲ.

ಪ್ರವಾಸಕ್ಕೆ ರಜೆ ಜೋಡಿಸಿದವರಿಗೆ ವಿಶೇಷ ಎಚ್ಚರಿಕೆ. ಸಾಂದರ್ಭಿಕ ರಜೆಯ ದಿನಗಳಿಗೆ ದಿನಭತ್ಯೆ ಇಲ್ಲ. ಶುಕ್ರವಾರ ಕೆಲಸ ಮುಗಿದು ಶನಿವಾರ, ಭಾನುವಾರ ಸ್ವಂತ ಇಷ್ಟದಿಂದ ಅಲ್ಲೇ ಉಳಿದರೆ ಆ ಎರಡು ದಿನಗಳನ್ನು ಬಿಲ್ಲಿನಿಂದ ಬಿಡಿ. ಸೋಮವಾರವೂ ಅಲ್ಲೇ ಕಚೇರಿ ಕೆಲಸವಿದ್ದು ನಡುವಿನ ರಜೆಯಲ್ಲಿ ನೀವು ಅಲ್ಲೇ ಇದ್ದರೆ ಮಾತು ಬೇರೆ, ಆಗ ಕೇಳಬಹುದು. ದೆಹಲಿಯಿಂದ ವಾಪಸಾಗುವಾಗ ಸ್ವಂತ ಕೆಲಸಕ್ಕೆ ಮುಂಬೈಗೆ ಹೋಗಿ ಬಂದರೆ ನೇರ ದಾರಿಯ ದರವನ್ನು ಮೀರಿ ಕೇಳುವಂತಿಲ್ಲ.

ಇನ್ನೊಂದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಸರ್ಕಾರಿ ಪ್ರಯಾಣದಲ್ಲಿ ನಿಮ್ಮ ಖಾತೆಗೆ ಸೇರುವ ವಿಮಾನದ ಮೈಲೇಜ್ ಅಂಕಗಳು ನಿಮ್ಮವಲ್ಲ. ಇಲಾಖೆಯ ಮುಂದಿನ ಪ್ರಯಾಣಕ್ಕೇ ಬಳಸಬೇಕು. ಅವುಗಳಲ್ಲಿ ಮನೆಯವರನ್ನು ಗೋವಾಕ್ಕೆ ಕರೆದೊಯ್ದರೆ ಇಲಾಖಾ ಕ್ರಮಕ್ಕೆ ಅವಕಾಶವಿದೆ.

7. ಬಿಲ್ ಸಲ್ಲಿಕೆ

ಪ್ರವಾಸದ ಬಿಲ್ಲಿನ ನಮೂನೆ ಜಿಎಆರ್ 14ಎ. ಹಲವು ಕಚೇರಿಗಳಲ್ಲಿ ಇದನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ಜೊತೆಗೆ ಇರಬೇಕಾದವು: ಪ್ರವಾಸದ ಆದೇಶ, ಟಿಕೆಟ್‌ಗಳು, ವಿಮಾನವಾದರೆ ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್, ರೂಮು ಮತ್ತು ಓಡಾಟದ ಸ್ವಯಂ ದೃಢೀಕರಣ, ತರಬೇತಿ ಅಥವಾ ಸಭೆಯಾದರೆ ಹಾಜರಾತಿ ಪತ್ರ, ಮುಂಗಡದ ವಿವರ. ಮೊಬೈಲಿನಲ್ಲಿರುವ ಬೋರ್ಡಿಂಗ್ ಪಾಸ್ ಕೆಲವು ದಿನಗಳ ನಂತರ ಆ್ಯಪ್‌ನಿಂದ ಮಾಯವಾಗುತ್ತದೆ; ವಿಮಾನ ಇಳಿದ ದಿನವೇ ಉಳಿಸಿಟ್ಟುಕೊಳ್ಳಿ.

ಗಡುವು 60 ದಿನ. ಮೊದಲು ಒಂದು ವರ್ಷ ಇದ್ದದ್ದನ್ನು 2018ರ ಮಾರ್ಚ್‌ನಲ್ಲಿ ಇಳಿಸಿದರು. ಪ್ರವಾಸ ಮುಗಿದ ದಿನದ ನಂತರ 60 ದಿನಗಳೊಳಗೆ ಬಿಲ್ ಕೊಡದಿದ್ದರೆ ನೀವೇ ಹಕ್ಕು ಬಿಟ್ಟುಕೊಟ್ಟಂತೆ ಎಂದು ನಿಯಮ ಪರಿಗಣಿಸುತ್ತದೆ. ಒಂದು ವರ್ಷದ ಕಾಲದಲ್ಲಿ ಕೆಲಸ ಕಲಿತ ಹಿರಿಯರು ಇನ್ನೂ ಹಳೆಯ ಗಡುವನ್ನೇ ಹೇಳುತ್ತಾರೆ, ನಂಬಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಜೆಟ್ ಮುಗಿದಿದೆ, ಏಪ್ರಿಲ್‌ನಲ್ಲಿ ಕೊಡಿ ಎಂದು ಗುಮಾಸ್ತರು ಬಿಲ್ ಹಿಂದಿರುಗಿಸುವುದುಂಟು. ಪಾವತಿ ತಡವಾದರೆ ಆಗಲಿ, ಸಲ್ಲಿಕೆ ಮಾತ್ರ ಗಡುವಿನೊಳಗೆ ಆಗಿರಬೇಕು. ಟಪಾಲು ಶಾಖೆಯಲ್ಲಿ ಕೊಟ್ಟು ಸ್ವೀಕೃತಿ ಸಂಖ್ಯೆ ಪಡೆಯಿರಿ.

ಸಹಿಗಳ ಕ್ರಮ ಹೀಗೆ: ನೀವು, ನಿಯಂತ್ರಣಾಧಿಕಾರಿ, ಬಟವಾಡೆ ಅಧಿಕಾರಿ, ಆಮೇಲೆ ವೇತನ ಮತ್ತು ಲೆಕ್ಕಪತ್ರ ಕಚೇರಿ. ಹಣ ಸಂಬಳದ ಬ್ಯಾಂಕ್ ಖಾತೆಗೇ ಬರುತ್ತದೆ. ಕಚೇರಿ ಕೆಲಸಕ್ಕೆಂದು ಕೊಟ್ಟು, ಅದಕ್ಕೇ ಖರ್ಚಾದ ಪ್ರವಾಸ ಭತ್ಯೆಗೆ ಆದಾಯ ತೆರಿಗೆ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲೂ ಇಲ್ಲ.

8. ಆಕ್ಷೇಪಣೆ ಬಂದರೆ

ಕಡಿತ ಮಾಡಿದ್ದರೆ ಯಾವ ನಿಯಮದ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ವಾದಕ್ಕಿಳಿಯಬೇಡಿ. ಊಟದ ಬಿಲ್ ಇಲ್ಲ ಎಂಬ ಕಾರಣಕ್ಕೆ ಇಡಿಗಂಟನ್ನು ತಡೆದಿದ್ದರೆ, ಲೆವೆಲ್ 7ರವರಿಗೆ ಮಿತಿಯೊಳಗಿನ ರೂಮಿಗೂ ರಸೀದಿ ಬೇಕೆಂದಿದ್ದರೆ, ಅಥವಾ ಶೇ 25ರ ಏರಿಕೆ ಕೊಡದಿದ್ದರೆ 2017ರ ಜುಲೈ 13ರ ಆದೇಶದ ಪ್ರತಿಯಲ್ಲಿ ಆಯಾ ಸಾಲಿಗೆ ಗೆರೆ ಎಳೆದು ಬಟವಾಡೆ ಅಧಿಕಾರಿಯ ಮೂಲಕ ಉತ್ತರ ಕೊಡಿ. ಆ ಆದೇಶ ವೆಚ್ಚ ಇಲಾಖೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಆಕ್ಷೇಪಣೆಯೇ ಸರಿಯಾಗಿದ್ದರೆ, ಕಡಿತವನ್ನು ಒಪ್ಪಿ ಉಳಿದ ಮೊತ್ತವನ್ನು ಬಿಡುಗಡೆ ಮಾಡಲು ಅದೇ ದಿನ ಬರೆದು ಕೊಡಿ. ವಿವಾದದ ನೂರಿನ್ನೂರು ರೂಪಾಯಿಗಾಗಿ ಇಡೀ ಬಿಲ್ಲನ್ನು ಮೇಜಿನ ಮೇಲೆ ಕೂರಿಸಬೇಡಿ.